ಕಥೆಗೆ ಬೇಕಾದ ಕಣ್ಣು

ನೀವ್ಯಾಕೆ ಎದ್ರಿ ಅಮ್ಮ, ಕೂತ್ಕೊಳ್ಳಿ. ಕೆಲಸ ನಿಲ್ಲಿಸ್ಬೇಡಿ. ಕುಂಚ ಒಣಗಿಹೋದ್ರೆ ಆ ಪಾಪ ನನಗೆ. ನಾನು ಗಿರಾಕಿ ಅಲ್ಲ, ಹೇಳಿದ್ನಲ್ಲ, ಕಥೆ ಬರೆಯೋನು. ವಾರಪತ್ರಿಕೇಲಿ ಪತ್ತೇದಾರಿ ಕಾದಂಬರಿ ಬರುತ್ತಲ್ಲ, ಅದು ನಂದೇ. ಓದಲ್ವಾ? ಪರವಾಗಿಲ್ಲ, ನನ್ನ ಹೆಂಡ್ತೀನೂ ಓದಲ್ಲ.

ಈಗ ಬರೀತಿರೋದರಲ್ಲಿ ಒಂದು ಮಗು ಇದೆ. ನಾಲ್ಕು ವರ್ಷದ ಹುಡುಗಿ. ಅದರ ಒಂದು ಕಣ್ಣು ತೆಗೀಬೇಕಾಗುತ್ತೆ. ಆಮೇಲೆ ನಿಮ್ಮಂಥೋರು ಕೃತಕ ಕಣ್ಣು ಮಾಡಿಕೊಡ್ತಾರೆ. ಅದು ಹೇಗೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.

ಯಾಕೆ ನಗ್ತೀರಿ? ನಿಜವಾಗ್ಲೂ ಅಮ್ಮ. ಒಂದ್ಸಲ ಬೀಗ ಮುರಿಯೋ ಕಥೆ ಬರೆದೆ. ಹಾಗೆಲ್ಲ ಬೀಗ ಮುರಿಯಲ್ಲ ಸ್ವಾಮಿ ಅಂತ ಬೀಗ ರಿಪೇರಿಯೋನು ಮನೆ ಹುಡುಕ್ಕೊಂಡು ಬಂದು ಉಗಿದ. ಅವತ್ತಿಂದ ಊಹೆ ಮೇಲೆ ಒಂದು ಸಾಲೂ ಬರೆದಿಲ್ಲ. ಅವನ ಅಂಗಡೀಲೇ ಹೋಗಿ ಕೂತೆ. ಆಂಬುಲೆನ್ಸ್ ಓಡಿಸೋನ ಪಕ್ಕ ಕೂತು ಊರೆಲ್ಲ ಸುತ್ತಿದೆ. ಹೆಣ ಕುಯ್ಯೋ ಡಾಕ್ಟ್ರು ಟೀ ಕುಡಿಸಿ ಮಾತಾಡಿದ್ರು. ಪುಸ್ತಕ, ಹಳೇ ಪೇಪರು, ಇಂಟರ್ನೆಟ್ಟು ಎಲ್ಲಾ ಸರಿ, ಆದ್ರೆ ಕೆಲಸ ಮಾಡೋರ ಕೈ ನೋಡಿದ ಹಾಗಾಗಲ್ಲ. ಕಥೆಗೆ ಅಂದ್ರೆ ಸಾಕು, ಜನ ಎಲ್ಲಾ ಹೇಳ್ತಾರೆ. ಯಾಕೆ, ಯಾರಿಗೆ ಅಂತ ಯಾರೂ ಕೇಳಲ್ಲ.

ಇದೇನಿದು... ಕಣ್ಣಾ? ಗೋಲಿ ಥರ ದುಂಡಗಿರುತ್ತೆ ಅಂದ್ಕೊಂಡಿದ್ದೆ. ಇದು ಚಿಪ್ಪಿನ ಹಾಗಿದೆ. ಈ ಕೆಂಪು ನರ? ರೇಷ್ಮೆ ದಾರಾನಾ? ಎಳೆ ಎಳೆಯಾಗಿ ಬಿಡಿಸಿ ಅಂಟಿಸ್ತೀರಾ... ಈಚೆಗೆ ನಾನು ಲೈಬ್ರರೀಲೇ ಬಿದ್ದಿರ್ತೀನಿ, ಇದು ಎಲ್ಲೂ ಸಿಕ್ಕಿರ್ಲಿಲ್ಲ.

ಇನ್ನೊಂದು ಕೇಳ್ಲಾ? ಮಗು ಬೆಳೀತಾ ಹೋದ್ರೆ ಇದೇನಾಗುತ್ತೆ? ಓ, ಮುಖ ದೊಡ್ಡದಾದ ಹಾಗೆ ಹೊಸದು ಹಾಕ್ಬೇಕು. ಅಂಗಿ ಚಿಕ್ಕದಾದಾಗ ಟೈಲರ್ ಹತ್ರ ಹೋದ ಹಾಗೆ. ಸರಿ, ಸರಿ. ಮತ್ತೆ... ಅತ್ರೆ? ಆ ಕಡೆಯಿಂದಲೂ ನೀರು ಬರುತ್ತಾ?

ಬರುತ್ತಾ.

ಏನಿಲ್ಲ ಅಮ್ಮ. ಕೆಮ್ಮು ಬಂತು. ಬಣ್ಣದ ವಾಸನೆ ಇರ್ಬೇಕು. ಬೇಡ, ಕಿಟಕಿ ತೆಗೀಬೇಡಿ, ನಿಮ್ಮ ರೇಷ್ಮೆ ಎಳೆ ಹಾರಿಹೋಗುತ್ತೆ.

ಕಥೆ ಶುರುವಾಗೋದು ಹೇಗೆ ಗೊತ್ತಾ? ಒಂದು ಫೋಟೋದಿಂದ. ಫ್ಲ್ಯಾಷ್ ಹಾಕಿ ತೆಗೆದಿದ್ದು. ಮಗೂದು ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ, ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಒಳಗೆ ಗಡ್ಡೆ ಬೆಳೀತಿದ್ರೆ ಹಾಗೆ ಬೆಳ್ಳಗೆ ಕಾಣಬಹುದಂತೆ. ವಿಚಿತ್ರ ಅಲ್ವಾ? ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೇ ಸುಳಿವು ಸಿಗುತ್ತಾ? ಆದ್ರೆ ಯಾರಿಗೂ ಹೊಳೆಯಲ್ಲ. ಕ್ಯಾಮೆರಾ ಸರಿಯಿಲ್ಲ ಅಂತ ನಾವು... ಅಂದ್ರೆ ಅವರಪ್ಪ ಅಮ್ಮ, ನಕ್ಕು ಸುಮ್ಮನಾಗ್ತಾರೆ. ಕಳ್ಳಬೆಕ್ಕು, ಕಳ್ಳಬೆಕ್ಕು ಅಂತ ಮಗೂನ ರೇಗಿಸ್ತಾರೆ.

ಯಾವ ಬಣ್ಣ ಅಂದ್ರೆ? ಕಥೇಲಿರೋ ಮಗೂದಾ? ತೋರಿಸಿ ನಿಮ್ಮ ತಟ್ಟೆ. ಇದಲ್ಲ, ತೀರಾ ಕಪ್ಪು. ಇದೂ ಅಲ್ಲ. ಇದು ಹತ್ರ ಹತ್ರ. ಅಂಚಿಗೆ ಸ್ವಲ್ಪ ಜೇನಿನ ಬಣ್ಣ ಬರ್ಬೇಕು, ಬಿಸಿಲಿಗೆ ತಿರುಗಿದ್ರೆ ಮಾತ್ರ ಕಾಣೋ ಹಾಗೆ. ಕೆಳಗಡೆ, ಮೂಗಿನ ಕಡೆಗೆ, ಎಳ್ಳಿನಷ್ಟು ಒಂದು ಚುಕ್ಕೆ. ಇಷ್ಟು ದೊಡ್ಡದಲ್ಲ, ಇನ್ನೂ ಚಿಕ್ಕದು. ಆಗ ತಾನೇ ನಿದ್ದೆಯಿಂದ ಎದ್ದಾಗ, ಅಷ್ಟು ಹತ್ರ ಮುಖ ತಂದು ನೋಡ್ತಾಳಲ್ಲ, ಆಗ...

ಯಾಕೆ ಕುಂಚ ಕೆಳಗಿಟ್ರಿ?

ಹಾಗೆ ನೋಡ್ಬೇಡಿ ಅಮ್ಮ. ಕಥೆ ಅಂದ್ನಲ್ಲ. ಕಥೇಲಿ ಏನು ಬೇಕಾದ್ರೂ ಆಗಬಹುದು. ಕೊನೇಲಿ ಡಾಕ್ಟ್ರು ಬಂದು, ಅದು ಗಡ್ಡೆ ಅಲ್ಲ ಕಣ್ರಿ, ತಪ್ಪಾಯ್ತು ಅಂದ್ಬಿಡಬಹುದು. ಹಾಗೆ ಬರೆಯೋಕೂ ಬರುತ್ತೆ ನನಗೆ...

ಇಲ್ಲ. ನನ್ನ ಮಗಳು.

ಕಣ್ಣು ತೆಗೆದ್ರೆ ಜೀವ ಉಳಿಯುತ್ತೆ ಅಂದ್ರು ಡಾಕ್ಟ್ರು. ತಡ ಮಾಡಿದ್ರೆ ಗಡ್ಡೆ ತಲೆಗೆ ಏರುತ್ತೆ ಅಂದ್ರು. ನನ್ನ ಹೆಂಡ್ತಿ ಅಲ್ಲೇ ಸಹಿ ಹಾಕಿ ಅಂದ್ಲು. ನಾನು, ಇರು, ಸ್ವಲ್ಪ ತಿಳ್ಕೊತೀನಿ ಅಂದೆ. ಅವತ್ತಿಂದ ತಿಳ್ಕೊತಾನೇ ಇದೀನಿ ಅಮ್ಮ. ಲೈಬ್ರರೀಲಿ ಕೂತು ಓದುವಾಗ ಅದು ಬೇರೆ ಯಾರದೋ ಮಗು ಅನ್ಸುತ್ತೆ. ಮನೆಗೆ ಹೋದ್ರೆ ಬಾಗಿಲಿಗೇ ಓಡಿಬಂದು ಕಾಲು ತಬ್ಕೊಳ್ತಾಳೆ. ಹೆಂಡ್ತಿ ಮೊದಮೊದಲು ಜಗಳ ಆಡ್ತಿದ್ಲು, ಆಮೇಲೆ ಕೈಮುಗಿದು ಕೇಳಿದ್ಲು, ಆಮೇಲೆ ಮಾತೇ ಬಿಟ್ಲು. ಇವತ್ತು ಮಗೂಗೆ ಬಟ್ಟೆ ಹಾಕಿ, ಎಲ್ಲಿಗೆ ಹೋಗ್ತೀರೋ ಹೋಗಿ, ನಾವೂ ಬರ್ತೀವಿ ಅಂತ ಹಿಂದೇನೇ ಹೊರಟು ಬಂದ್ಲು. ಕೆಳಗೆ ಮೆಟ್ಟಿಲ ಹತ್ರ ಕೂತಿದಾರೆ ಇಬ್ಬರೂ.

ಆ ಸ್ಟೂಲಿನ ಮೇಲಿನ ಡಬ್ಬ ಎಲ್ಲಾ ಯಾಕೆ ತೆಗೀತಿದೀರಿ? ಅವಳಿಗೆ ಕೂರೋಕಾ?

ಕರ್ಕೊಂಡು ಬರ್ತೀನಿ. ಉಳಿಯೋ ಕಣ್ಣನ್ನ ನೀವೊಂದ್ಸಲ ಬೆಳಕಲ್ಲಿ ಸರಿಯಾಗಿ ನೋಡ್ಬಿಡಿ. ಇಲ್ಲಿಂದ ಸೀದಾ ಆಸ್ಪತ್ರೆಗೇ ಹೋಗ್ತೀವಿ. ಹಾಕ್ತೀನಿ ಅಮ್ಮ, ಸಹಿ ಹಾಕ್ತೀನಿ.

ನಲ್ಲಿ ಎಲ್ಲಿದೆ? ಮುಖ ತೊಳ್ಕೊಂಡು ಕೆಳಗೆ ಹೋಗ್ತೀನಿ. ಹೀಗೇ ಹೋದ್ರೆ, ಯಾಕಪ್ಪ ಅಳ್ತಿದೀಯ ಅಂತ ಕೇಳ್ತಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ ನಾವು.