ದಿಬ್ಬದಲ್ಲಿ ಮಾತ್ರ

ಗ್ಯಾರೇಜಿನ ಬೆಂಚಿನಲ್ಲಿ ಸ್ಕೂಟರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಪಾದ ಊದಿಕೊಂಡ ಹೆಂಗಸೊಬ್ಬರು ಕಣ್ಣು ಮುಚ್ಚಿ ಒರಗಿದ್ದರು. ಎದುರಿಗೆ ಹಳೇ ಕಾರಿನ ಬಾನೆಟ್ ಎತ್ತಿ ಅವರ ಗಂಡ ಮೆಕ್ಯಾನಿಕ್ ಜೊತೆ ಮಾತಾಡುತ್ತಿದ್ದರು.

“ಈ ತಿಂಗಳು ಮೂರ್ಸಲ ಓಡಿಸಿ ನೋಡ್ದೆ ಸಾರ್. ಒಂದ್ಸಲಾನೂ ಜರ್ಕ್ ಹೊಡೀಲಿಲ್ಲ.”

“ನಿಮ್ಮ ಮುಂದೆ ಸಾಧು ಥರ ಇರುತ್ತೆ. ಆಸ್ಪತ್ರೆ ದಿಬ್ಬದಲ್ಲಿ ಮೈಯೆಲ್ಲ ನಡುಗಿಸಿ ನಿಂತೇಬಿಡುತ್ತೆ.”

“ಪ್ರತಿ ಸಲಾನಾ?”

“ಒಂದೊಂದ್ಸಲ. ಮೊನ್ನೆ ನಿಂತು ಅವಳ ಡಯಾಲಿಸಿಸ್ಸೇ ತಪ್ಪೋಯ್ತು. ಇವತ್ತೂ ತಪ್ಪಿದ್ರೆ ಆಸೆ ಕೈಬಿಟ್ಟ ಹಾಗೇ ಅಂದಿದ್ದಾರೆ ಡಾಕ್ಟ್ರು.”

“ನನ್ನ ಹತ್ರ ಯಾವಾಗ್ಲೂ ಇಂಜಿನ್ ತಣ್ಣಗಿರೋವಾಗ, ಒಬ್ರೇ ತರ್ತೀರಲ್ಲ?”

“ತೊಳ್ದು, ಸಾಮಾನೆಲ್ಲ ಇಳಿಸಿ ತರ್ತಿದ್ದೆ. ನಿಮಗೆ ಸುಲಭ ಆಗ್ಲಿ ಅಂತ.”

“ಅಲ್ಲೇ ಎಡವಟ್ಟಾಗಿದ್ದು. ಸ್ಪಾರ್ಕ್ ಕೊಡೋ ಕಾಯಿಲ್ ಬಿಸಿಯಾಗಿ, ಭಾರ ಬಿದ್ಮೇಲೇ ಕೈಕೊಡೋದು. ನಾಲ್ಕು ಕಾಯಿಲಲ್ಲಿ ಯಾವ್ದು ಕೆಟ್ಟಿದೆ ಅಂತ ದಿಬ್ಬದಲ್ಲೇ ಗೊತ್ತಾಗ್ಬೇಕು. ಹೊಸದೊಂದು ಜೇಬಲ್ಲಿಟ್ಕೊಂಡು ನಾನೇ ಓಡಿಸ್ತೀನಿ. ಅಮ್ಮಾವ್ರು ಎಲ್ಲಿ?”

ಪಕ್ಕದವರು ಆಗಲೇ ಬೆಂಚು ಹಿಡಿದು ಎದ್ದಿದ್ದರು.

“ಡಾಕ್ಟ್ರು ಹಾಗಂದಿದ್ದು ನಂಗೆ ಹೇಳ್ಲೇ ಇಲ್ಲ ನೀವು.”

ಗಂಡ ಬಾನೆಟ್ ಮುಚ್ಚಿದರು. ಕೈ ಅದರ ಮೇಲೇ ಉಳಿಯಿತು.

“ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡೆ ಕಣೇ.”

ಆಕೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದ ಜಾಗ ತಟ್ಟಿದರು.

“ಬನ್ನಿ ರೀ, ಹತ್ತಿ. ಭಾರ ಬೇಕಂತಲ್ಲ.”