ಸೇತುವೆ ರಾಣಿಯ ಬಾಲ್ಯ

…ತಡಿ, ಈಗಲೇ ನಗಬೇಡ ಕಣೇ, ಇನ್ನೂ ಇದೆ! ಆರು ವರ್ಷದ ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಿವೆ, ಹಾಲು ಕುಡಿ ಅಂದರೆ ರಚ್ಚೆ ಹಿಡಿಯೋ ವಯಸ್ಸು. ಅಂಥ ಮಗು ಹೊಳೆ ಕಡೆ ದಿಟ್ಟಿಸಿ ನೋಡಿ ಏನನ್ನುತ್ತೆ? ‘ಈ ಸೇತುವೆಯೇ ನನ್ನ ಹಣೆಬರಹ.’ ಅಯ್ಯೋ ದೇವರೇ! ಅವರಮ್ಮ ಬೆನ್ನಿಗೊಂದು ಗುದ್ದಿ ಒಳಗೆ ಎಳಕೊಂಡು ಹೋಗಬಾರದಿತ್ತೇ?

ಮೊದಲನೇ ವಿಡಿಯೋ ಆಟದಲ್ಲಿ ನಮ್ಮ ಸೇತುವೆ ರಾಣಿ ಹೇಗಿದ್ದಳು, ನೀನೇ ಹೇಳು. ಸೇತುವೆ ಮೇಲೆ ಒಬ್ಬಳೇ ನಿಂತು ಮೂರು ದಿನ ಇಡೀ ಸೈನ್ಯವನ್ನ ತಡೆದವಳು! ನಾನು ಅವಳನ್ನ ಬರೆದು ಹತ್ತು ವರ್ಷವಾಯ್ತು, ಜನ ಇವತ್ತಿಗೂ ತೋಳಿನ ಮೇಲೆ ಅವಳ ಹಚ್ಚೆ ಹಾಕಿಸಿಕೊಳ್ತಾರೆ. ಈಗ ಅವಳ ಬಾಲ್ಯದ ಕಥೆ ಅಂತ ಈ ಹೊಸ ಆಟ… ಕೆನ್ನೆಯ ಗಾಯ, ಕೆಂಪು ಮೇಲಂಗಿ, ಆ ಉದ್ದನೆ ಕತ್ತಿ, ಮೂರೂ ಒಂದೇ ಮಧ್ಯಾಹ್ನ ಸಿಗುತ್ತವೆ. ಸಂತೆಗೆ ಹೋಗಿ ಬಂದ ಹಾಗೆ! ಖಳನಾಯಕನೋ, ಮೀಟರ್ ಓದೋಕೆ ಬಂದವನ ಥರ ಬಾಗಿಲು ತಟ್ಟಿ, ಒಳಗೆ ಬಂದು, ತನ್ನ ಸಂಚನ್ನೆಲ್ಲ ಪಾಠದ ಹಾಗೆ ಒಪ್ಪಿಸಿ ಹೊರಟುಹೋಗ್ತಾನೆ. ಆಡಿದವರೆಲ್ಲ ಉಗಿಯದೆ ಇನ್ನೇನು ಮಾಡ್ತಾರೆ?

ಯಾಕೆ, ನಗು ನಿಂತೇಹೋಯ್ತು?

ಸರಿ, ಸರಿ. ಈ ಅಧ್ಯಾಯ ನಿನ್ನ ಹೆಸರಲ್ಲಿ ಬಂದಿದೆ, ಗೊತ್ತು. ಏನು ಮಾಡೋದು, ನಮ್ಮಲ್ಲಿನ ಪದ್ಧತಿಯೇ ಅದು. ಅಧ್ಯಾಯ ಯಾರಿಗೆ ಹಂಚಿದ್ದಾರೋ ಪರದೆ ಮೇಲೆ ಅವರ ಹೆಸರು, ಒಳಗೆ ಯಾರು ಕೈಯಾಡಿಸಿದ್ದರೂ. ಧ್ವನಿ ಕೊಡೋರು ಬಂದು ಕೂತಿದ್ದರು, ನಿನ್ನ ಕರಡು ನನ್ನ ಕೈ ಸೇರಿರಲಿಲ್ಲ. ಸದ್ಯಕ್ಕಿರಲಿ ಅಂತ ಯಾರೋ ಗೀಚಿಟ್ಟಿದ್ದ ಸಾಲುಗಳನ್ನೇ ಓದಿಸಿಬಿಟ್ಟರು.

ಕಳಿಸಿದ್ದೆ ಅಂತೀಯಾ? ಕಳಿಸಿರಬಹುದು ಕಣಮ್ಮ, ನಾನೇನು ನಿನ್ನನ್ನ ಸುಳ್ಳಿ ಅಂದೆನಾ? ನನಗೆ ಬರಲಿಲ್ಲ, ಅಷ್ಟೆ. ಒಂದು ಪುಟ ಕಣ್ಣಿಗೆ ಬಿದ್ದಿದ್ದರೂ ನಾನು ಸುಮ್ಮನಿರ್ತಿದ್ದೆನೇ? ಈಗ ಈ ಕಾಗದಕ್ಕೆ ಒಂದು ಸಹಿ ಹಾಕಿಬಿಡು. ‘ಕರಡನ್ನು ಸಮಯಕ್ಕೆ ಒಪ್ಪಿಸಲಿಲ್ಲ’, ಒಂದೇ ಸಾಲು. ಈ ಕೆಲಸ ಹೋಗುತ್ತೆ, ಅದು ನಿಜ. ಬೇರೆ ಕಡೆ ನಾನೇ ಹೇಳಿ ಸೇರಿಸ್ತೀನಿ. ಬಂದ ದಿನದಿಂದ ಅಕ್ಕಾ ಅಕ್ಕಾ ಅಂತ ಹಿಂದೆ ಸುತ್ತಿದವಳನ್ನ ನಡುನೀರಲ್ಲಿ ಬಿಡ್ತೀನಾ?

ಅಯ್ಯೋ, ಅಳೋದ್ಯಾಕೆ? ನಿನಗೆ ಬರೆಯೋಕೆ ಬರಲ್ಲ ಅಂತ ಯಾರಂದರು? ಹದಿನೈದನೇ ವಯಸ್ಸಲ್ಲಿ, ಮೊದಲ ಕಾವಲಿನ ದಿನ, ಹೆದರಿ ಸೇತುವೆ ಬಿಟ್ಟು ಓಡಿಬರ್ತಾಳಲ್ಲ ನಮ್ಮ ರಾಣಿ… ತಂಗಿಯ ಎದುರು ನಿಂತು, ಬಿಕ್ಕಳಿಕೆ ತಡೆಯೋಕೆ ಗಟಗಟ ನೀರು ಕುಡಿದು, ‘ಎಲ್ಲರೂ ಓಡಿದರು, ನಾನೊಬ್ಬಳೇ ನಿಂತಿದ್ದೆ’ ಅಂತ ಸುಳ್ಳು ಹೇಳ್ತಾಳಲ್ಲ… ಅಂಥದ್ದನ್ನ ಬರೆದ ಕೈಗೆ ಎಲ್ಲಿ ಹೋದರೂ…

ಏನು?

ಹಾಗ್ಯಾಕೆ ನೋಡ್ತಿದ್ದೀಯಾ? ಆಟದಲ್ಲೇ ಇದೆಯಲ್ಲ, ಆ ದೃಶ್ಯ… ಇಲ್ಲವಾ? ಹಾಗಾದರೆ ನೀನೇ ಯಾವಾಗಲೋ ಹೇಳಿರಬೇಕು. ಊಟದ ಹೊತ್ತಲ್ಲಿ… ಅಥವಾ ಲಿಫ್ಟ್‌ನಲ್ಲಿ… ಹೇಳಿದ್ದೆ, ಅಲ್ವಾ?

ಪೆನ್ನಿಗೆ ಮುಚ್ಚಳ ಯಾಕೆ ಹಾಕ್ತಿದ್ದೀಯಾ? ಕಾಗದ ಯಾಕೆ ನನ್ನ ಕಡೆ ತಳ್ತಿದ್ದೀಯಾ? ಬಾಯಿಗೆ ಬಂದ ಹಾಗೆ ಬೈದುಬಿಡು ಬೇಕಾದರೆ…

ಬಂದಿತ್ತು. ನಿನ್ನ ಕರಡು, ಹೇಳಿದ ದಿನಕ್ಕೆ ಎರಡು ದಿನ ಮುಂಚೆಯೇ ಬಂದಿತ್ತು. ಎರಡು ಸಲ ಓದಿದೆ ಕಣೇ. ಮೊದಲ ಸಲ ಮುಗಿಸಿದಾಗ… ಮೊದಲನೇ ಆಟದಲ್ಲಿ ಅವಳು ಮೂರು ದಿನ ನಿಂತಿದ್ದೂ ಇಂಥದ್ದೇ ಒಂದು ಸುಳ್ಳಿರಬೇಕು ಅನ್ನಿಸಿಬಿಡ್ತು. ನನಗೇ! ಅವಳನ್ನ ಬರೆದ ನನಗೇ! ಈ ಹತ್ತು ವರ್ಷದಲ್ಲಿ ಅವಳನ್ನ ಬಿಟ್ಟು ನಾನು ಬೇರೇನು ಬರೆದಿದ್ದೀನಿ, ಹೇಳು?

ಎರಡನೇ ಸಲ ಓದಿದ್ದು, ಅಳಿಸೋಕೆ ಮುಂಚೆ.