ಖಾಲಿ ಆಂಪ್ಲಿಫೈಯರ್

ಹಳೇ ಕಾಲದ, ಗಾಜಿನ ವಾಲ್ವುಗಳ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಾಗಲೆಲ್ಲ ಭಾವ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು. ಕೆಲಸವೆಲ್ಲ ಬಲಗೈಯೊಂದರಲ್ಲೇ. ಎರಡೂ ಕೈ ಒಳಗೆ ಹಾಕಿದರೆ ಕರೆಂಟು ಒಂದು ಕೈಯಿಂದ ಹೊಕ್ಕು, ಎದೆ ದಾಟಿ, ಇನ್ನೊಂದು ಕೈಯಿಂದ ಹೋಗುತ್ತದಂತೆ. ಒಂಟಿ ಕೈಯಾದ್ದರಿಂದ ಸ್ಕ್ರೂ ಬೀಳುತ್ತಲೇ ಇರುತ್ತಿತ್ತು. ಟಿಣ್… ಆಮೇಲೆ ನೆಲದ ಮೇಲೆ ಉರುಳುವ ಸದ್ದು. ಅಷ್ಟು ಜೋಪಾನ ಮಾಡಿದ ಮನುಷ್ಯ ಕೊನೆಗೆ ಹೋದದ್ದು ನಾಲ್ಕು ದಿನದ ಜ್ವರಕ್ಕೆ.

ಅವರ ಹೆಂಡತಿ ಅಕ್ಕ, ನಮ್ಮ ದೊಡ್ಡಪ್ಪನ ಮಗಳು, ಅಳಲಿಲ್ಲ. ಬಟ್ಟೆ ಒಗೆದಳು. ಬಂದವರಿಗೆ ಕುರ್ಚಿ ಹಾಕಿದಳು. "ಕಲ್ಲು ಕಣ್ರೀ ಇವಳು" ಅಂದರು ನೆಂಟರು. ಅದೂ ಅವಳಿಗೆ ತಾಗಲಿಲ್ಲ.

ಅಕ್ಕನ ಅತ್ತೆ ಮಾತ್ರ ದಿನಾ ಸಂಜೆ, ಮಗ ಕೈಯಾರೆ ಕಟ್ಟಿದ ಆಂಪ್ಲಿಫೈಯರಿನ ಮುಂದೆ ಕೂರುತ್ತಿದ್ದರು. ಹಾಡು ಕೇಳುತ್ತಾ ನಾಲ್ಕು ತುತ್ತು ಉಣ್ಣುತ್ತಿದ್ದರು. ಇಡೀ ದಿನಕ್ಕೆ ಅಷ್ಟೇ ಊಟ. ಒಂದು ಸಂಜೆ ಒಂದು ವಾಲ್ವ್ ಉರಿಯಲಿಲ್ಲ. ಅಕ್ಕ ಭಾವನ ಡಬ್ಬಿ ತಡಕಿ, ಅಷ್ಟೇ ಎತ್ತರದ ಇನ್ನೊಂದನ್ನು ತೆಗೆದು ಚುಚ್ಚಿದಳು. ಅದರ ತಂತಿಕಾಲುಗಳು ತೂತುಗಳಲ್ಲಿ ಸಲೀಸಾಗಿ ಕೂತವು. ಕೂತ ಮೇಲೆ ಸರಿ ಇರಲೇಬೇಕಲ್ಲ… ಸ್ವಿಚ್ ಹಾಕಿದಳು. ಗಾಜಿನೊಳಗಿನ ತಗಡು ಕೆಂಪಗೆ ಕಾಯಿತು. ಗುಂಯ್… ಚಟ್. ಸುಟ್ಟ ವಾರ್ನಿಷಿನ ವಾಸನೆ.

ಅತ್ತೆ ತಟ್ಟೆ ಸರಿಸಿ ಎದ್ದರು. ಮೂರು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ನಾಲ್ಕನೇ ದಿನ ಅಕ್ಕ ಆಂಪ್ಲಿಫೈಯರನ್ನು ಹೊತ್ತುಕೊಂಡು, ಭಾವನಿಗೆ ಕೆಲಸ ಕಲಿಸಿದ ಮುದಿ ಮೆಕ್ಯಾನಿಕ್ಕನ ಅಂಗಡಿಗೆ ಹೋದಳು.

"ಕಾಲು ಹಿಡಿಸ್ತು ಅಂತ ಹಾಕ್ಬಿಟ್ಟೆಯಾ?" ಅಂದ ಮುದುಕ. "ಹಾಗಂತ ಪಕ್ಕದ್ಮನೆಯವನ ಚಪ್ಪಲಿ ಮೆಟ್ಕೊಂಡು ಬರ್ತೀಯಾ? ಟ್ರಾನ್ಸ್‌ಫಾರ್ಮರೇ ಹೋಗಿದೆ ಕಣಮ್ಮ. ಹೊಸದಾಗಿ ತಂತಿ ಸುತ್ತಬೇಕು."

"ನಾಳೆ ಆಗುತ್ತಾ?"

"ಹದಿನೈದು ದಿನ."

"ಅಷ್ಟು ದಿನ ಅತ್ತೆ ಇರಲ್ಲ," ಅಂದಳು ಅಕ್ಕ, ಬಸ್ಸಿನ ಟೈಮು ಹೇಳುವವಳ ಹಾಗೆ.

ಮುದುಕ ಮತ್ತೆ ತಮಾಷೆ ಮಾಡಲಿಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿಟ್ಟುಕೊಂಡ. ವಾಲ್ವುಗಳನ್ನೂ ಪರೀಕ್ಷೆ ಮಾಡೋಣವೆಂದು ತೆಗೆದಿಟ್ಟುಕೊಂಡ. ಬರೀ ಪೆಟ್ಟಿಗೆಗೆ ಅಂಗಡಿಯಲ್ಲಿ ಜಾಗವಿಲ್ಲವೆಂದು ಅವಳ ಕೈಗೇ ಕೊಟ್ಟ. ಅಷ್ಟರಲ್ಲಿ ರಾತ್ರಿ ಹತ್ತೂವರೆ.

ಬರುವ ದಾರಿಯಲ್ಲೊಂದು ಬಾವಿ. ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬರುವಾಗ ಕೈ ಸೋತು, ಅಕ್ಕ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಳು. ಬೆಚ್ಚಗಿತ್ತು… ಜುಂಯ್ ಎಂದು ಸಣ್ಣಗೆ ಗುನುಗುತ್ತಿತ್ತು. ಬಾವಿಕಟ್ಟೆಯ ಮೇಲೆ ಇಳಿಸಿದಳು. ಸದ್ದು ನಿಂತಿತು. ಎತ್ತಿಕೊಂಡಳು. ಜುಂಯ್… ಹೆದರಬೇಕು ಅನ್ನಿಸಿತು. ಹೆದರಿಕೆ ಬರಲಿಲ್ಲ. ಹಾಗೇ ಹೊತ್ತು ನಡೆದಳು.

ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟಳು. ಕರೆಂಟಿನ ವೈರನ್ನು ಸುತ್ತಿ ಅದರ ಪಕ್ಕಕ್ಕಿಟ್ಟು ಮಲಗಿದಳು.

ಎಷ್ಟು ಹೊತ್ತಿಗೋ… ಟಿಣ್. ಏನೋ ಉರುಳಿತು.

ಎದ್ದು ಬಂದರೆ ಅತ್ತೆ ಕತ್ತಲಲ್ಲಿ ಮೇಜಿನ ಮುಂದೆ ಕೂತಿದ್ದಾರೆ. ಕಿರ್ರ್… ಕಿರ್ರ್… ಸ್ಕ್ರೂ ತಿರುಗುವ ಸದ್ದು. ಅತ್ತೆಯ ಎರಡೂ ಕೈ ಮಡಿಲಲ್ಲಿವೆ.

"ಅತ್ತೆ…"

"ಶ್… ಕೆಲಸ ಮಾಡ್ತಿದಾನೆ." ಪೆಟ್ಟಿಗೆಯಿಂದ ಕಣ್ಣು ತೆಗೆಯದೆ, "ಹಸಿವಾಗ್ತಿದೆ ಕಣೆ. ಏನಾದ್ರೂ ಇದೆಯಾ?"

ಅಕ್ಕ ಉಳಿದಿದ್ದನ್ನು ತಟ್ಟೆಗೆ ಬಡಿಸಿ ತಂದಳು. ಅತ್ತೆ ಕತ್ತಲಲ್ಲೇ ಪೂರ್ತಿ ಉಂಡರು. ಕೈ ತೊಳೆದರು. ಏನೂ ಆಗದವರ ಹಾಗೆ ಹೋಗಿ ಮಲಗಿದರು.

ಇದು ಕಟ್ಟುಕತೆ ಅನ್ನುವವರು ಅಕ್ಕನನ್ನೇ ಕೇಳಬಹುದು. ಕತೆ ಕಟ್ಟುವಷ್ಟು ಉಮೇದು ಅವಳಲ್ಲಿ ಆಗ ಉಳಿದಿರಲಿಲ್ಲ. ನಡೆದದ್ದಷ್ಟನ್ನೇ ಹೇಳಿದಳು. ಅತ್ತೆ ಮಲಗಿದ ಮೇಲೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳಂತೆ. ಸುಡುವಷ್ಟು ಬಿಸಿ. ವೈರು ಸುತ್ತಿಟ್ಟ ಹಾಗೇ ಇತ್ತು. ತಗಡು ಆರುವಾಗ ಬರುತ್ತದಲ್ಲ, ಆ ಸದ್ದು… ಟಿಕ್… ಟಿಕ್…

"ರೀ," ಅಂದಳು ಪಿಸುದನಿಯಲ್ಲಿ. "ನಾನೇ ಸುಟ್ಟುಬಿಟ್ಟೆ. ಒಂದ್ಸಲ ಬೈದ್ಬಿಡಿ."

ಟಿಕ್…

ಕಾದಳು. ಅಂಗೈ ಕೆಳಗೆ ಬಿಸಿ ಮೆಲ್ಲಗೆ ಇಳಿಯುತ್ತಿತ್ತು.